ಆಕಾಶದಲ್ಲಿ ಮುಗಿದ ಕುಸ್ತಿ

ಅಟ್ಲಾಂಟಿಕ್ ಸಾಗರದ ಮೇಲೆ, ಮೋಡಗಳಿಗಿಂತ ಬಹಳ ಎತ್ತರದಲ್ಲಿ, ಸಿದರಾಯ ತೇಲಿ ಒಬ್ಬ ಮನುಷ್ಯನನ್ನು ಕೊಲ್ಲುತ್ತಿದ್ದ.

ಅವನ ಎಡ ಮುಂಗೈ ಆ ಮನುಷ್ಯನ ಗಂಟಲನ್ನು ಒತ್ತಿತ್ತು. ಬಲ ಅಂಗೈ ತಲೆಯ ಹಿಂಭಾಗವನ್ನು ಮುಂದಕ್ಕೆ ತಳ್ಳುತ್ತಿತ್ತು. ಕೆಳಗೆ ಸಿಕ್ಕಿಬಿದ್ದವನ ಹಿಮ್ಮಡಿಗಳು ಮಣ್ಣನ್ನು ಕೆರೆದವು. ಸಿದರಾಯ ಉಸಿರು ಬಿಗಿಹಿಡಿದು ಸೊಂಟ ತಿರುಗಿಸಿದ. ಹಸಿ ಕಬ್ಬನ್ನು ಮೊಣಕಾಲಿಗೆ ಕೊಟ್ಟು ಮುರಿದಂಥ ಸದ್ದು ಬಂತು. ಅವನಿಗೆ ಹಿತವೆನಿಸಿತು.

ಅದೇ ಹೊತ್ತಿಗೆ ಬಿಸಿನೆಸ್ ಕ್ಲಾಸಿನ ಓಣಿಯಲ್ಲಿ ಹಾದುಹೋದ ಗಗನಸಖಿಗೆ ಕಂಡದ್ದು ಬೇರೆಯೇ. ಎತ್ತಿನಂಥ ಹೆಗಲಿನ ಒಬ್ಬ ಪ್ರಯಾಣಿಕ ಮಗುವಿನಂತೆ ಮಲಗಿದ್ದ. ತಲೆದಿಂಬಿನ ಅಂಚಿನಲ್ಲಿ ಹಸಿರು ದೀಪ ಉರಿಯುತ್ತಿತ್ತು. ಆಕೆ ಜಾರಿದ ಹೊದಿಕೆಯನ್ನು ಅವನ ಎದೆಯವರೆಗೆ ಎಳೆದು ಮುಂದೆ ಹೋದಳು.

ಸಿದರಾಯ ಮಲಗಿದ್ದ ಆಸನದ ಹೆಸರು ಪೂರಕಾಸನ. ಅದರ ಹಿಂದಿನ ತತ್ತ್ವ ಸರಳವಾದದ್ದು. ಮನುಷ್ಯ ಅರ್ಧಕ್ಕೆ ಬಿಟ್ಟ ಯಾವುದೇ ವಿಷಯವನ್ನು ಮಿದುಳು ಮರೆಯುವುದಿಲ್ಲ. ಅದು ಮುಗಿಯುವವರೆಗೆ ಒಂದೇ ಲಯದ ಕ್ಷೀಣ ವಿದ್ಯುತ್ ಮಿಡಿತವನ್ನು ಮತ್ತೆ ಮತ್ತೆ ಹೊಮ್ಮಿಸುತ್ತಿರುತ್ತದೆ. ವಿಜ್ಞಾನಿಗಳು ಇದಕ್ಕೆ ಅಪೂರ್ಣಸ್ಪಂದ ಎಂದು ಹೆಸರಿಟ್ಟಿದ್ದರು. ದೂರಪ್ರಯಾಣದಲ್ಲಿ ನಿದ್ದೆ ಕೆಡಿಸುವುದು ಎಂಜಿನ್ನಿನ ಸದ್ದಲ್ಲ, ಈ ಮಿಡಿತ. ತಲೆದಿಂಬಿನಲ್ಲಿ ಅಡಗಿದ ಸಂವೇದಕಗಳು ಇದನ್ನು ಗುರುತಿಸುತ್ತಿದ್ದವು. ಆಮೇಲೆ ಮೃದುವಾದ ಕಾಂತೀಯ ಅಲೆಗಳು ಅದರ ಸುತ್ತ ಒಂದು ಕನಸನ್ನು ಕಟ್ಟಿ, ವಿಷಯವನ್ನು ಕೊನೆ ಮುಟ್ಟಿಸುತ್ತಿದ್ದವು. ಮೇಲಧಿಕಾರಿಗೆ ಆಡಲಾಗದ ಮಾತನ್ನು ಪ್ರಯಾಣಿಕ ಕನಸಿನಲ್ಲಿ ಆಡಿ ಮುಗಿಸುತ್ತಿದ್ದ. ಮಿದುಳು 'ಇದು ಆಯಿತು' ಎಂದು ಒಪ್ಪಿದೊಡನೆ ಮಿಡಿತ ನಿಲ್ಲುತ್ತಿತ್ತು. ಉಳಿದ ದಾರಿಯೆಲ್ಲ ಗಾಢನಿದ್ದೆ.

ಮುಧೋಳದ ಮಲ್ಲನೊಬ್ಬ ಈ ಆಸನದಲ್ಲಿ ಮಲಗುವಂತಾದದ್ದಕ್ಕೆ ಕಾರಣ ಅವನ ತಮ್ಮನ ಸಾವು.

ಎರಡು ವರ್ಷಗಳ ಹಿಂದೆ ತಮ್ಮ ಲಗಮಣ್ಣ ಬ್ರೆಜಿಲಿನ ಸಾವೊ ಪೌಲೊ ನಗರದ ವಿಶ್ವ ಮಲ್ಲಕೂಟಕ್ಕೆ ಹೋಗಿದ್ದ. ಅಲ್ಲಿಯ ಬಾರೆಟೊ ಎಂಬ ಮಲ್ಲ ಅವನ ಕುತ್ತಿಗೆಗೆ ಬೀಗವೆಂಬ ಪಟ್ಟು ಹಾಕಿ ಮುರಿದ. ಪಂಚರು ಅದನ್ನು ಆಕಸ್ಮಿಕ ಎಂದು ತೀರ್ಮಾನಿಸಿದರು. ಮೊಹರು ಹಾಕಿದ ಪೆಟ್ಟಿಗೆಯಲ್ಲಿ ದೇಹ ಊರಿಗೆ ಬಂತು. ತೆರೆಯಲು ಅಪ್ಪಣೆ ಇರಲಿಲ್ಲ. ಸಿದರಾಯ ಪೆಟ್ಟಿಗೆಗೇ ನೀರು ಸುರಿದು ಮಣ್ಣು ಮಾಡಿದ, ಅಳಲಿಲ್ಲ. ಮರುದಿನದಿಂದ ಎರಡು ಪಟ್ಟು ಸಾಮು ತೆಗೆಯಲು ಶುರುಮಾಡಿದ. ಬಾರೆಟೊನನ್ನು ಅದೇ ಅಖಾಡದಲ್ಲಿ, ಅದೇ ಬೀಗದಲ್ಲಿ ಕೊಲ್ಲಬೇಕು. ಪಂಚರು ಅದನ್ನೂ ಆಕಸ್ಮಿಕ ಎನ್ನಲಿ. ಈ ಮಾತು ಗೊತ್ತಿದ್ದದ್ದು ಅವನಿಗೆ ಮತ್ತು ಅವನ ಗುರು ಮೋದಿನಸಾಬ ವಸ್ತಾದರಿಗೆ ಮಾತ್ರ.

ವಸ್ತಾದರಿಗೆ ತಮ್ಮದೇ ಒಂದು ನಂಬಿಕೆಯಿತ್ತು. ಲಗಮಣ್ಣ ಹೋದದ್ದು ಅಗ್ಗದ ಸೀಟಿನಲ್ಲಿ, ಮೊಣಕಾಲನ್ನು ಗದ್ದಕ್ಕೆ ಮುಟ್ಟಿಸಿಕೊಂಡು ಕುಳಿತು. ಇಳಿಯುವಾಗ ಅವನ ಸೊಂಟ ತಿರುಗುತ್ತಿರಲಿಲ್ಲ.

"ಅಂವ ಸತ್ತಿದ್ದು ಅಖಾಡದಾಗಲ್ಲ, ವಿಮಾನದಾಗ," ಎನ್ನುತ್ತಿದ್ದರು ಅವರು. "ಈ ಸಲ ಮಲಕೊಂಡ ಹೋಗೂನು."

ಹೀಗಾಗಿ ಗುರುಶಿಷ್ಯರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೂರು ಕಂಪನಿಗಳು ತಮ್ಮ ಆಸನಗಳನ್ನು ಪ್ರದರ್ಶನಕ್ಕಿಟ್ಟ ಸಭಾಂಗಣಕ್ಕೆ ಬಂದಿದ್ದರು. ಗರಡಿಗೆ ಎಮ್ಮೆ ಕೊಳ್ಳುವಾಗ ನೋಡುವಂತೆಯೇ ವಸ್ತಾದರು ಒಂದೊಂದನ್ನೂ ತಟ್ಟಿ, ಒತ್ತಿ, ಬಗ್ಗಿ ನೋಡಿದರು. ಮೊದಲ ಕಂಪನಿಯ ಆಸನ ಪೂರ್ತಿ ಮಂಚವಾಗುತ್ತಿತ್ತು. ಆದರೆ ಕಾಲು ಚಾಚಲು ಮುಂದಿನ ಸೀಟಿನಡಿ ಇದ್ದ ಗೂಡು ಕಿರಿದು. ಸಿದರಾಯನ ಪಾದ ಅದರಲ್ಲಿ ಸಿಕ್ಕಿಕೊಂಡಿತು. ಅವನು ಒಮ್ಮೆ ಝಾಡಿಸಿದ ರಭಸಕ್ಕೆ ಗೂಡಿನ ಪಕ್ಕೆಯೇ ಕಿತ್ತುಬಂತು. ತೋರಿಸಲು ನಿಂತಿದ್ದ ಯುವಕ ನಗುವನ್ನು ಹಾಗೇ ಇಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಎರಡನೆಯ ಕಂಪನಿಯವರು ಬಾದಾಮಿ ಹಾಲು, ಎಷ್ಟು ಬೇಕಾದರೂ ಮೊಟ್ಟೆ, ಕೇಳಿದಾಗ ಕೋಳಿ ಕೊಡುವವರು. ವಸ್ತಾದರಿಗೆ ಬಾಯಲ್ಲಿ ನೀರೂರಿತು. ಆದರೆ ಆ ವಿಮಾನ ನಡುದಾರಿಯಲ್ಲಿ ಇಳಿದು ಅರ್ಧ ದಿನ ಕಾಯಿಸುತ್ತಿತ್ತು. ಕಾದ ಮೈ ಆರಿದರೆ ಮತ್ತೆ ಹಿಡಿದುಕೊಳ್ಳುತ್ತದೆ ಎಂದು ಅವರು ನಿಟ್ಟುಸಿರು ಬಿಟ್ಟು ಎದ್ದರು.

ಮೂರನೆಯದು ಪೂರಕಾಸನದ ಕಂಪನಿ. ಎಲ್ಲಿಯೂ ನಿಲ್ಲದೆ ಹೋಗುವ ವಿಮಾನ. ಆ ದಿನ ಆಸನವನ್ನು ರೂಪಿಸಿದ ನರವಿಜ್ಞಾನಿ ಡಾ. ಮೃಣಾಲಿನಿ ಕೊಪ್ಪೀಕರರೇ ಅಲ್ಲಿದ್ದರು. ಅವರು ತಾಳ್ಮೆಯಿಂದ ಎಲ್ಲವನ್ನೂ ವಿವರಿಸಿದರು. ವಸ್ತಾದರು ಕೊನೆಯವರೆಗೂ ಕೇಳಿ, ಗಡ್ಡ ನೀವಿಕೊಂಡರು.

"ಬಾಯಾರ, ಕನಸಿನಾಗ ಕುಸ್ತಿ ಹಿಡದ್ರ ಮೈ ದಣೀತೈತೇನ್ರೀ?"

"ಇಲ್ಲ. ಸ್ನಾಯುಗಳಿಗೆ ಸುದ್ದಿಯೇ ಹೋಗುವುದಿಲ್ಲ. ಮಿದುಳು ಮಾತ್ರ ಆಡುತ್ತದೆ."

"ಮತ್ತ ಎದುರಾಳಿ ಬೀಳಲಿಲ್ಲಂದ್ರ?"

"ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೆಲಸ ಮುಗಿಯಿತು ಎಂದು ಮಿದುಳು ಒಪ್ಪುವವರೆಗೆ ಆಸನ ಬಿಡುವುದಿಲ್ಲ." ಅವರು ಸಿದರಾಯನ ಕಡೆ ತಿರುಗಿ ಹೇಳಿದರು: "ಆದರೆ ಮಲಗುವಾಗ ಮನಸ್ಸು ಹಗುರವಾಗಿರಲಿ. ಭಾರವಾದದ್ದನ್ನು ಬೇಕೆಂದೇ ತಂದುಕೊಂಡು ಮಲಗಬೇಡಿ."

ಸಿದರಾಯ ತಲೆಯಾಡಿಸಿದ. ಹೊರಗೆ ಬಂದಮೇಲೆ ವಸ್ತಾದರು ಅವನ ಬೆನ್ನಿಗೆ ಗುದ್ದಿ, ದಾರಿಯುದ್ದಕ್ಕೂ ಪಟ್ಟು ಹಾಕುತ್ತ ಹೋಗಬಹುದು, ಮೈಗೆ ವಿಶ್ರಾಂತಿ, ಮನಸ್ಸಿಗೆ ತಾಲೀಮು, ಇಂಥ ವಿಮಾನ ಬಿಟ್ಟರೆ ಮತ್ತೆಲ್ಲಿ ಸಿಗಬೇಕು ಎಂದರು. ಆಯ್ಕೆ ಅಲ್ಲಿಗೆ ಮುಗಿಯಿತು.

ವಿಮಾನ ಏರಿದಾಗ ಎಲ್ಲರ ತಲೆದಿಂಬಿನಲ್ಲಿ ಮೆಲ್ಲನೆ ಸಂಗೀತ ಶುರುವಾಯಿತು. ಸಿದರಾಯ ಅದನ್ನು ನಿಲ್ಲಿಸಿದ. ಅವರ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ದೊಡ್ಡ ಕುಸ್ತಿಗೆ ಮುಂಚೆ ಮಲಗುವಾಗ ಮಲ್ಲ ಕಣ್ಣು ಮುಚ್ಚಿ ಎದುರಾಳಿಯನ್ನು ಕಾಲಿನಿಂದ ಮೇಲಕ್ಕೆ ನಿಲ್ಲಿಸಿಕೊಳ್ಳಬೇಕು: ಮೊದಲು ಪಾದ, ಆಮೇಲೆ ಮೊಣಕಾಲು, ಸೊಂಟ, ಹೆಗಲು, ಕೊನೆಗೆ ಕಣ್ಣು. ಕಣ್ಣು ಕಂಡಮೇಲೆ ಪಟ್ಟು ಹಾಕಬೇಕು. ಉಳಿದ ಪ್ರಯಾಣಿಕರು ತಮ್ಮ ಚಿಂತೆಗಳನ್ನು ಮರೆಯಲು ಹೆಣಗುತ್ತಿದ್ದಾಗ, ಇವನೊಬ್ಬ ತನ್ನ ಹಗೆಯನ್ನು ಅಂಗಾಂಗವಾಗಿ ಕಟ್ಟಿ ಆಸನದ ಕೈಗೆ ಕೊಟ್ಟ.

ಕನಸಿನಲ್ಲಿ ಮೊದಲ ಸಲ ಬಾರೆಟೊ ಸತ್ತಾಗ ಸಿದರಾಯ ತೊಡೆ ತಟ್ಟಿ ಕೂಗಿದ. ಅಪೂರ್ಣಸ್ಪಂದ ನಿಲ್ಲಲಿಲ್ಲ. ಆಸನ ತನ್ನ ನಿಯಮದಂತೆ ಮತ್ತೆ ಮೊದಲಿನಿಂದ ಶುರುಮಾಡಿತು. ಮತ್ತೆ ಮುಂಗೈ, ಮತ್ತೆ ಸೊಂಟದ ತಿರುವು, ಮತ್ತೆ ಆ ಸದ್ದು. ಒಮ್ಮೆ ಬಾರೆಟೊ ಸಾಯುವ ಮುನ್ನ ಸಿದರಾಯನ ಮುಂಗೈಯನ್ನು ಎಲುಬು ಕಾಣುವಂತೆ ಕಚ್ಚಿದ. ಇನ್ನೊಮ್ಮೆ ಬಾಯಿಯಿಂದ ಬಂದ ರಕ್ತ ಸಿದರಾಯನ ಕಣ್ಣಿಗೇ ಚಿಮ್ಮಿತು. ಕೊಲ್ಲುವುದು ಸುಲಭವಾಗುತ್ತ ಹೋಯಿತು, ಹಿತ ಕಡಿಮೆಯಾಗುತ್ತ ಹೋಯಿತು.

ಕೊಲೆ ಕುತ್ತಿಗೆ ಮುರಿದಲ್ಲಿಗೆ ಮುಗಿಯುವುದಿಲ್ಲ ಎಂಬುದು ಸಿದರಾಯನಿಗೆ ಗೊತ್ತಿರಲಿಲ್ಲ. ಆಸನವನ್ನು ಕಟ್ಟಿದವರೂ ಅದನ್ನು ಯೋಚಿಸಿರಲಿಲ್ಲ. ಅವನ ಮಿದುಳು ಮಾತ್ರ ಒಪ್ಪಲಿಲ್ಲ. ಹೀಗಾಗಿ ಕನಸು ಪ್ರತಿ ಸಲ ಸ್ವಲ್ಪ ಮುಂದಕ್ಕೆ ಹೋಗತೊಡಗಿತು. ಅಖಾಡ ಖಾಲಿಯಾಗುತ್ತಿತ್ತು, ಪಂಚರಿಲ್ಲ, ಜನರಿಲ್ಲ, ಹೆಣ ಮಾತ್ರ ಉಳಿಯುತ್ತಿತ್ತು. ಯಾರಾದರೂ ಅದನ್ನು ಎತ್ತಬೇಕಲ್ಲ. ಎತ್ತಿದ. ಅದರ ತಲೆ ಎಲ್ಲೂ ನಿಲ್ಲದೆ ಅವನ ತೋಳಿನ ಮೇಲೆ ಹೊರಳಾಡಿತು. ಗೊತ್ತಿಲ್ಲದ ಊರಿನಲ್ಲಿ ಹೊತ್ತು ನಡೆದ. ಒಂದು ಮನೆಯ ಬಾಗಿಲು ತೆರೆದ ಹೆಂಗಸು ಹೆಣವನ್ನು ನೋಡಿದಳು, ಅವನನ್ನು ನೋಡಿದಳು, ಚಾಪೆ ಹಾಸಿದಳು. ನೀರಿನ ಕೊಡವನ್ನು ಅವನ ಪಕ್ಕಕ್ಕಿಟ್ಟಳು. ಸಿದರಾಯ ಕುಳಿತು ಆ ಮೈ ತೊಳೆದ. ಕಿವಿಯ ಸಂದಿನ ಮಣ್ಣು ತೆಗೆದ, ಉಗುರುಗಳ ಕೆಳಗಿದ್ದ ತನ್ನದೇ ಚರ್ಮವನ್ನು ತೆಗೆದ. ಯಾವಾಗ ಅಳಲು ಶುರುಮಾಡಿದನೋ ಅವನಿಗೆ ತಿಳಿಯಲಿಲ್ಲ.

ಮಿಡಿತ ನಿಂತಿತು. ಗಗನಸಖಿ ಮರಳಿ ಬಂದಾಗ ಅವನ ಎರಡೂ ಕಿವಿಗಳಲ್ಲಿ ಕಣ್ಣಿನಿಂದ ಇಳಿದ ನೀರು ತುಂಬಿತ್ತು. ಒರೆಸಿದರೂ ಅವನಿಗೆ ಎಚ್ಚರವಾಗಲಿಲ್ಲ.

ಕುಸ್ತಿ ಮರುದಿನ ಮಧ್ಯಾಹ್ನ. ಸಿದರಾಯನ ಮೈ ಕಬ್ಬಿಣದ ಸರಳಿನಂತಿತ್ತು. ಯಾವ ಕೀಲೂ ಹಿಡಿದಿರಲಿಲ್ಲ. ವಸ್ತಾದರು ಅವನ ಕುತ್ತಿಗೆ ತಿರುಗಿಸಿ ನೋಡಿ ವಿಮಾನ ಕಂಪನಿಯನ್ನು ಮನಸಾರೆ ಹರಸಿದರು. ಬಾರೆಟೊ ಕನಸಿನಲ್ಲಿದ್ದುದಕ್ಕಿಂತ ಗಿಡ್ಡ, ಅಗಲ, ತಲೆಯಲ್ಲಿ ಅಲ್ಲಲ್ಲಿ ನರೆ. ಗಂಟೆ ಬಾರಿಸಿದೊಡನೆ ಅವನು ಹೋರಿಯಂತೆ ನುಗ್ಗಿ ಸಿದರಾಯನ ಪಕ್ಕೆಗೆ ತಲೆಯಿಂದ ಗುದ್ದಿದ. ಸಿದರಾಯ ಅವನ ಹುಬ್ಬಿಗೆ ಹಣೆ ಅಪ್ಪಳಿಸಿದ. ಹುಬ್ಬು ಸೀಳಿ ಕಣ್ಣು ಮುಚ್ಚಿಹೋಯಿತು. ಇಬ್ಬರೂ ಒಬ್ಬರ ರಕ್ತದಲ್ಲಿ ಇನ್ನೊಬ್ಬರು ಜಾರುತ್ತ ಉರುಳಿದರು. ಒಂದು ಹಲ್ಲು ಮರಳಿನ ಮೇಲೆ ಬಿತ್ತು. ಯಾರದೆಂದು ಇಬ್ಬರಿಗೂ ತಿಳಿಯಲಿಲ್ಲ. ಸುತ್ತಲಿನ ಸಾವಿರಾರು ಜನ ಒಂದೇ ಗಂಟಲಿನಿಂದ ಕೂಗುತ್ತಿದ್ದರು. ಆ ಗದ್ದಲದ ನಡುವೆ ಸಿದರಾಯನ ಎಡ ಮುಂಗೈ ಬಾರೆಟೊನ ಗಂಟಲ ಕೆಳಗೆ ಹೋಗಿ ಕುಳಿತಿತು. ಬಲ ಅಂಗೈ ತಲೆಯ ಹಿಂದೆ ಸೇರಿತು. ಬೀಗ ಬಿದ್ದಿತ್ತು.

"ಹಾಕಲೇ, ಹಾಕು," ಎಂದರು ಅಂಚಿನಲ್ಲಿದ್ದ ವಸ್ತಾದರು.

ಸೊಂಟ ತಿರುಗಿಸುವುದೊಂದೇ ಬಾಕಿಯಿತ್ತು. ಅದರ ಮುಂದಿನದೆಲ್ಲ ಸಿದರಾಯನಿಗೆ ಗೊತ್ತಿತ್ತು: ಆ ಸದ್ದು, ಆ ಭಾರ, ತೋಳಿನ ಮೇಲೆ ಹೊರಳುವ ತಲೆ, ನೀರಿನ ಕೊಡ. ಕರುಣೆಯೇನೂ ಹುಟ್ಟಲಿಲ್ಲ. ಹೊಟ್ಟೆ ಬಿರಿಯುವಂತೆ ಉಂಡವನ ಮುಂದೆ ಮತ್ತೆ ಎಲೆ ಹಾಕಿದಂತಿತ್ತು, ಅಷ್ಟೆ. ಅವನ ಕೈ ಸಡಿಲಾಯಿತು.

ಬಾರೆಟೊಗೆ ಅಷ್ಟೇ ಸಾಕಾಯಿತು. ಅವನ ಮೊಳಕೈ ಸಿದರಾಯನ ಮೂಗನ್ನು ಚಪ್ಪಟೆ ಮಾಡಿತು. ಮರುಗಳಿಗೆಯಲ್ಲಿ ಅವನನ್ನು ತಲೆಯ ಮೇಲಿಂದೆತ್ತಿ ಒಗೆದ. ಹೆಗಲಿನ ಎಲುಬು ಮುರಿದ ಸದ್ದು ಮೊದಲ ಸಾಲಿನವರಿಗೆ ಕೇಳಿಸಿತು.

ಚಿಕಿತ್ಸೆಯ ಕೋಣೆಯಲ್ಲಿ ವೈದ್ಯರು ಹೊರಗೆ ಹೋದೊಡನೆ ವಸ್ತಾದರು ಸಿದರಾಯನ ಕಪಾಳಕ್ಕೆ ಹೊಡೆದರು. ಹೊಡೆದು, ಅಲ್ಲೇ ನಿಂತು ಡಾ. ಕೊಪ್ಪೀಕರರಿಗೆ ಫೋನು ಹಚ್ಚಿದರು. ನನ್ನ ಶಿಷ್ಯನ ಹಗೆಯನ್ನು ನಿಮ್ಮ ಖುರ್ಚಿ ಕದ್ದಿದೆ, ತಮ್ಮನ ಸಾವಿಗೆ ನ್ಯಾಯವಿಲ್ಲದಂತೆ ಮಾಡಿದೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಬೈದರು. ಗುರುಶಿಷ್ಯರು ಏನು ಮಾಡಲು ಹೊರಟಿದ್ದರು ಎಂಬುದು ವಿಜ್ಞಾನಿಗೆ ಗೊತ್ತಾದದ್ದೇ ಆಗ.

"ಆಸನ ಏನನ್ನೂ ಕದಿಯುವುದಿಲ್ಲ ವಸ್ತಾದರೇ," ಎಂದರು ವಿಜ್ಞಾನಿ. "ನಿಮ್ಮ ಶಿಷ್ಯ ಕೇಳಿದ್ದನ್ನು ಕೊಟ್ಟಿದೆ. ಪೂರ್ತಿ ಕೊಟ್ಟಿದೆ."

ಆಗಲೇ ಬಾಗಿಲಲ್ಲಿ ಬಾರೆಟೊ ನಿಂತಿದ್ದ. ಮುಚ್ಚಿದ ಕಣ್ಣಿನ ಮೇಲೆ ಹೊಲಿಗೆ ಹಾಕಿದ್ದರು. ಅವನೊಡನೆ ಮಲ್ಲಕೂಟದ ದುಭಾಷಿಯಾಗಿದ್ದ ಗೋವೆಯ ಹುಡುಗಿಯೊಬ್ಬಳು ಬಂದಿದ್ದಳು. ಕಾರವಾರದಲ್ಲಿ ಓದಿದ್ದರಿಂದ ಅವಳಿಗೆ ಕನ್ನಡ ಬರುತ್ತಿತ್ತು. ವಸ್ತಾದರು ಅಡ್ಡ ನಿಂತರು. ಸಿದರಾಯ ಬರಲಿ ಬಿಡಿ ಎಂದು ಕೈಯಾಡಿಸಿದ.

ಬಾರೆಟೊ ಕುಳಿತುಕೊಳ್ಳಲಿಲ್ಲ. ನಿಂತೇ ಮಾತಾಡಿದ, ಹುಡುಗಿ ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಂದಳು. ನೀನು ಯಾಕೆ ಬಿಟ್ಟೆ ಎಂದು ಕೇಳಲು ಬಂದಿಲ್ಲ. ನಿನ್ನ ತಮ್ಮನ ಬಗ್ಗೆ ಕೇಳಬೇಕಾಗಿದೆ, ಎರಡು ವರ್ಷಗಳಿಂದ ಕೇಳಬೇಕಾಗಿದೆ. ಇಲ್ಲಿ ಸೋಲೊಪ್ಪುವವರೆಲ್ಲ ಅಂಗೈಯಿಂದ ನೆಲವನ್ನು ಪಟಪಟ ಬಡಿಯುತ್ತಾರೆ, ಬಡಿದರೆ ನಾವು ಬಿಡುತ್ತೇವೆ. ಅವನು ಬಡಿಯಲಿಲ್ಲ. ಬದಲಿಗೆ ಹೀಗೆ ಮಾಡಿದ. ಬಾರೆಟೊ ತನ್ನ ಅಂಗೈಯನ್ನು ಗೋಡೆಯ ಮೇಲೆ ಅಗಲಿಸಿ, ಒತ್ತದೆ, ಅಲ್ಲಾಡಿಸದೆ ಇಟ್ಟು ತೋರಿಸಿದ. ನನ್ನ ಬೆನ್ನಿನ ಮೇಲೆ ಹೀಗೆ ಇಟ್ಟ. ಹಿಡಿತ ಹುಡುಕುತ್ತಿದ್ದಾನೆ ಎಂದುಕೊಂಡು ನಾನು ಇನ್ನೂ ಬಿಗಿ ಮಾಡಿದೆ. ಆ ಕೈ ಈಗಲೂ ಅಲ್ಲಿದೆ. ನಿಮ್ಮ ದೇಶದಲ್ಲಿ ಹಾಗೆಂದರೆ ಏನು?

ವಸ್ತಾದರು ಹತ್ತಿರದ ಮಂಚದ ಕಂಬಿ ಹಿಡಿದುಕೊಂಡರು. ಅವರ ಗರಡಿಯಲ್ಲಿ ನೆಲ ಬಡಿಯುವವರಿಲ್ಲ. ಅದು ನಮಸ್ಕರಿಸುವ ಮಣ್ಣು. ಸೋತವನು ಗೆದ್ದವನ ಬೆನ್ನಿನ ಮೇಲೆ ಅಂಗೈ ಇಡುತ್ತಾನೆ, ಗೆದ್ದವನು ತಕ್ಷಣ ಬಿಡುತ್ತಾನೆ. ಮೀಸೆ ಮೂಡದ ಹುಡುಗರಿಗೂ ಅದು ಗೊತ್ತು. ಪರದೇಶದಲ್ಲಿ ಬೇರೆ ಪದ್ಧತಿ ಇರಬಹುದೆಂದು ಯಾರೂ ಲಗಮಣ್ಣನಿಗೆ ಹೇಳಿರಲಿಲ್ಲ. ಅವನು ಸೋಲುತ್ತಾನೆಂದು ಯಾರೂ ಎಣಿಸಿರಲಿಲ್ಲ. ಅವನು ಸಾಕು ಎಂದಿದ್ದ, ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ.

ಸಿದರಾಯ ತನ್ನೊಳಗೆ ಆ ಹಳೆಯ ಹಗೆಯನ್ನು ಹುಡುಕಿದ. ಅದು ಇದ್ದ ಜಾಗ ಗುಡಿಸಿದಂತಿತ್ತು. ಎದುರಿಗೆ ಬಾರೆಟೊನ ಒಂದೇ ಕಣ್ಣು ಅವನ ತುಟಿಯನ್ನೇ ನೋಡುತ್ತ ಕಾಯುತ್ತಿತ್ತು. ಆ ಕೈಯ ನಿಜವಾದ ಅರ್ಥ ಹೇಳಿದರೆ ಆ ಮನುಷ್ಯ ಏನು ಹೊತ್ತು ನಡೆಯಬೇಕಾಗುತ್ತದೆ, ಅದರ ಭಾರ ಎಷ್ಟು ಎಂಬುದು ಸಿದರಾಯನಿಗೆ ತಿಳಿದಿತ್ತು.

"ಹೇಳ ತಂಗೀ ಅವಗ," ಎಂದ. ಮುರಿದ ಮೂಗಿನಿಂದ ಮಾತು ಒಡೆದು ಬಂತು. "ಚಲೋ ಆಡಿದಿ ಅಂತ ಅದರ ಅರ್ಥ. ನಮ್ಮ ಕಡೆ ದೊಡ್ಡ ಮಲ್ಲಗ ಅಷ್ಟ ಹಂಗ ಕೈ ಇಡ್ತೀವಿ."

ವಸ್ತಾದರು ಗೋಡೆಯ ಕಡೆ ತಿರುಗಿ ನಿಂತರು. ಹುಡುಗಿ ಹೇಳಿದಳು. ಬಾರೆಟೊ ಎರಡು ಸಲ ಕೇಳಿಸಿಕೊಂಡ. ಅವನ ಎದೆಯಿಂದ ಉಸಿರೊಂದು ಹೊರಗೆ ಬಂತು. ಆಮೇಲೆ ಅವನು ಮಂಚದ ಬಳಿ ಬಂದು, ನೋವಾಗದ ಕಡೆ ನೋಡಿ, ಸಿದರಾಯನ ಬೆನ್ನಿನ ಮೇಲೆ ತನ್ನ ಅಂಗೈಯನ್ನು ಅಗಲಿಸಿ ಇಟ್ಟ.

ಆ ಕೈ ತಾನಾಗಿ ಏಳುವವರೆಗೆ ಸಿದರಾಯ ಅಲ್ಲಾಡದೆ ಕುಳಿತಿದ್ದ.