ದೇಯಿಯ ಬಲಗಣ್ಣು

ದೇಯಿಯ ಬಲಗಣ್ಣು ಪೂರ್ತಿ ಕತ್ತಲಾದ ನಾಲ್ಕನೆಯ ದಿನ, ಫಳ್ನೀರಿನ ಕಣ್ಣಾಸ್ಪತ್ರೆಯ ಹೊಸ ಚಿಕಿತ್ಸೆಯ ಪ್ರಯೋಗದ ಕಡತದಲ್ಲಿ ಅವಳ ಹೆಸರಿನ ಮುಂದೆ 'ಸ್ವಂತ ಇಚ್ಛೆಯಿಂದ ಪ್ರಯೋಗ ಬಿಟ್ಟಿದ್ದಾರೆ' ಎಂದು ಬರೆಯಲಾಯಿತು. ಕೆಳಗೆ ಸಹಿ: ಯೋಗೀಶ್, ಪ್ರಯೋಗ ಸಂಯೋಜಕ.

ಆ ಹಾಳೆಯ ಪ್ರತಿಯನ್ನು ಮೊಮ್ಮಗಳು ಜ್ಯೋತ್ಸ್ನಾ ಅವನ ಮೇಜಿನ ಮೇಲಿಟ್ಟಳು.

"ಯೋಗೀಶ್ ಅಂದ್ರೆ ನೀವಾ?"

"ಹೌದು. ಕೂತುಕೊಳ್ಳಿ."

"ಕೂರಲಿಕ್ಕೆ ಬಂದದ್ದಲ್ಲ. ನನ್ನ ಅಜ್ಜಿ ಯಾವಾಗ ಬಿಟ್ಟದ್ದು? ನಿಮ್ಮದೇ ವಾರ್ಡಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿದ್ದಾಗಲಾ?"

ಅವನು ಓದಿದ. ಮತ್ತೊಮ್ಮೆ ಓದಿದ.

"ಇದು ನನ್ನ ಅಕ್ಷರ ಅಲ್ಲ."

"ಸಹಿ?"

"ಸಹಿ ನನ್ನದೇ."

ಎಷ್ಟು ತಣ್ಣಗೆ ಹೇಳ್ತಾನೆ... ಇವನನ್ನು ಈ ಕುರ್ಚಿಯಿಂದ ಇಳಿಸದೆ ನಾನು ಬಿಡುವುದಿಲ್ಲ. ಜ್ಯೋತ್ಸ್ನಾ ಮೆಟ್ಟಿಲಿಳಿಯುವಾಗ ಅವಳ ಮನಸ್ಸಿನಲ್ಲಿದ್ದದ್ದು ಅದೊಂದೇ.

ದೇಯಿ ನಲವತ್ತು ವರ್ಷ ಮೀನು ಮಾರಿದವಳು. ಪ್ರಾಯ ಎಪ್ಪತ್ತು ದಾಟಿದ ಮೇಲೆ ಕಣ್ಣಿನ ನೋಟದ ನಡುಭಾಗವೇ ಅಳಿಸಿಹೋಗುತ್ತ ಬಂತು. ಮೀನಿನ ಬಾಲ ಕಂಡರೆ ಕಿವಿರು ಕಾಣದು. ಗಿರಾಕಿಯ ಸೀರೆ ಕಂಡರೆ ಮುಖ ಕಾಣದು. ಸ್ಟೆಮ್ ಸೆಲ್‌ಗಳಿಂದ ಬೆಳೆಸಿದ ಜೀವಕೋಶಗಳನ್ನು ಕಣ್ಣಿನ ಹಿಂಪರದೆಯ ಅಡಿಯಲ್ಲಿ ಇಟ್ಟು ನೋಡುವ ಪ್ರಯೋಗಕ್ಕೆ ಜನ ಬೇಕು ಎಂದು ಆಸ್ಪತ್ರೆಯವರು ಕೇಳಿದಾಗ ಅವಳು ಹೂಂ ಎಂದಳು. ಹೆಚ್ಚು ಕೆಟ್ಟಿರುವ ಕಣ್ಣಿಗೆ ಮಾತ್ರ ಎಂಬುದು ನಿಯಮ. ಬಲಗಣ್ಣಿಗೆ ಇಟ್ಟರು. ಹಿಂಪರದೆಯೇ ಕಳಚಿಕೊಂಡಿತು.

"ಹಾಗಾದೀತು ಅಂತ ಆ ಯೋಗೀಶ ಮೊದಲೇ ಹೇಳಿದ್ದ," ಎಂದಳು ದೇಯಿ. "ತುಳುವಿನಲ್ಲಿ, ಮೂರು ಸಲ. ಸಾಕು ಮಾರಾಯ, ನನ್ನ ತಲೆ ತಿನ್ಬೇಡ ಅಂತ ನಾನೇ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದು."

"ಮತ್ತೆ ಸುಳ್ಳು ಬರೆದದ್ದು ಯಾಕೆ ಅಜ್ಜಿ?"

"ಅದನ್ನು ಅವನ ಹತ್ತಿರವೇ ಕೇಳು."

ಕೇಳುವ ಮೊದಲೇ ಅವನು ಬಂದ. ಬಿಜೈ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಕೆಲಸ ಮುಗಿಸಿ ಜ್ಯೋತ್ಸ್ನಾ ಹೊರಬರುವಾಗ ಎದುರಿಗೇ ನಿಂತಿದ್ದ.

"ಪ್ರತಿ ಸೋಮವಾರ ವಾರದ ತಪಾಸಣೆ ಹಾಳೆಗಳಿಗೆ ಖಾಲಿ ಇರುವಾಗಲೇ ಸಹಿ ಹಾಕಿ ಕೊಡ್ತೇನೆ. ಎಲ್ಲರೂ ಹಾಗೇ ಮಾಡುವುದು. ಆ ಸಾಲು ಬರೆದದ್ದು ನಮ್ಮ ಆಸ್ಪತ್ರೆಯ ಡೈರೆಕ್ಟರ್."

"ನಮ್ಮಲ್ಲಿ ಖಾಲಿ ಟ್ರಿಪ್ ಶೀಟಿಗೆ ಸಹಿ ಹಾಕಿದ ಕಂಡಕ್ಟರನ್ನು ಮನೆಗೆ ಕಳಿಸ್ತಾರೆ."

"ಕಳಿಸಬೇಕು."

ಅವಳು ಜಗಳಕ್ಕೆ ಸಿದ್ಧವಾಗಿದ್ದಳು. ಈ ಒಂದು ಮಾತಿಗೆ ಸಿದ್ಧವಾಗಿರಲಿಲ್ಲ.

ಅವನು ಕಾಗದವೊಂದನ್ನು ಚಾಚಿದ. ಪ್ರಯೋಗಗಳ ಮೇಲೆ ಕಣ್ಣಿಡುವ ಎಥಿಕ್ಸ್ ಕಮಿಟಿಗೆ ಬರೆದ ದೂರು. ಮೊದಲ ಸಾಲಿನಲ್ಲಿಯೇ ತನ್ನ ತಪ್ಪು, ಎರಡನೆಯದರಲ್ಲಿ ಡೈರೆಕ್ಟರರದು.

"ಬಿಟ್ಟುಹೋದರು ಅಂತ ಬರೆದರೆ ಹೋದ ಕಣ್ಣು ಫಲಿತಾಂಶದಲ್ಲಿ ಕಾಣುವುದೇ ಇಲ್ಲ. ಬರುವ ತಿಂಗಳು ಇನ್ನೂ ಆರು ಜನ ಇದಕ್ಕೆ ಸೇರ್ತಾರೆ. ಅವರಿಗೆ ಗೊತ್ತಾಗಬೇಡವಾ?"

ಆಮೇಲೆ ಅವನು ದಿನಾ ಸಂಜೆ ಮನೆಗೆ ಬರತೊಡಗಿದ. ದೇಯಿಯ ಕಣ್ಣಿಗೆ ಔಷಧಿ ಹಾಕುವುದು ನೆಪವೋ ಕರ್ತವ್ಯವೋ... ಜ್ಯೋತ್ಸ್ನಾ ಮೊದಮೊದಲು ಬೈದಳು. ಆಮೇಲಾಮೇಲೆ ಬೈಯಲಿಕ್ಕೆಂದೇ ಅವನಿಗಾಗಿ ಕಾಯತೊಡಗಿದಳು.

"ಔಷಧಿ ನನಗೆ," ಎಂದು ದೇಯಿ ಒಂದು ದಿನ ಗೊಣಗಿದಳು, "ಇವನು ಕೇಳುವುದು ಮೊಮ್ಮಗಳ ಡ್ಯೂಟಿ ಟೈಮು."

ಕಮಿಟಿ ಕಡತ ಕೇಳಿದ ಮರುದಿನವೇ ಡೈರೆಕ್ಟರ್ ಮೂವರನ್ನೂ ಕರೆಸಿದರು. ಕಮಿಟಿಗೆ ಜ್ಯೋತ್ಸ್ನಾಳ ಹೆಸರಿನಲ್ಲಿ ಪತ್ರ ಆಗಲೇ ಟೈಪಾಗಿತ್ತು.

"ತಪ್ಪು ಸಂಯೋಜಕನೊಬ್ಬನದು. ಇವನನ್ನು ಕೆಲಸದಿಂದ ತೆಗೀತೇವೆ. ಅಜ್ಜಿಯ ಎಡಗಣ್ಣನ್ನು ಕೊನೆಯವರೆಗೆ ನಾವೇ ನೋಡಿಕೊಳ್ತೇವೆ. ಇಲ್ಲಿ ಸಹಿ ಹಾಕಮ್ಮ."

ಮೊದಲ ದಿನ ಅವಳು ಕೇಳಲು ಬಂದದ್ದು ಇದನ್ನೇ. ಇವನನ್ನು ಕುರ್ಚಿಯಿಂದ ಇಳಿಸುವುದು. ಈಗ ತಟ್ಟೆಯಲ್ಲಿಟ್ಟು ಕೊಡುತ್ತಿದ್ದಾರೆ.

"ಹಾಕಿ," ಎಂದ ಯೋಗೀಶ್ ಮೆಲ್ಲಗೆ. "ಅಜ್ಜಿಯ ಇನ್ನೊಂದು ಕಣ್ಣಾದರೂ ಉಳಿಯಲಿ."

"ನೀವು?"

"ಕೆಲಸ ಎಲ್ಲಿಯಾದ್ರೂ ಸಿಗ್ತದೆ."

"ನಾನು ಕೇಳಿದ್ದು ಕೆಲಸದ್ದಲ್ಲ."

ಅವನು ತಲೆ ತಗ್ಗಿಸಿದ. "ದಿನಾ ಸಂಜೆ ನೀವು ಬೈದ್ರೂ ಸಾಕು ಅಂತ ಇದ್ದೆ... ಪ್ರೀತಿ ಅಂತ ಬಾಯಿಬಿಡುವ ಯೋಗ್ಯತೆ ಆ ಸಹಿಯೊಟ್ಟಿಗೇ ಹೋಯ್ತು."

"ಯೋಗ್ಯತೆ ಉಂಟಾ ಇಲ್ವಾ ಅಂತ ನಾನು ಹೇಳಬೇಕಾದ್ದು. ಉಂಟು."

ಡೈರೆಕ್ಟರ್ ಪೆನ್ನು ಮುಂದೆ ನೂಕಿದರು. "ಅಜ್ಜಿಯ ಕಣ್ಣಿನ ವಿಷಯ ಮರೀಬೇಡಿ."

"ಅಜ್ಜಿ ಇಲ್ಲೇ ಇದ್ದಾಳೆ," ಎಂದಳು ದೇಯಿ. "ಕೊಟ್ಟ ಕಣ್ಣು ಕೊಟ್ಟದ್ದೇ. ಹೋಯ್ತು ಅಂತ ಕಡತದಲ್ಲಿ ಬರೀರಿ."

ಜ್ಯೋತ್ಸ್ನಾ ಪತ್ರವನ್ನು ಅವರ ಕಡೆಗೇ ತಿರುಗಿಸಿದಳು.

"ಪ್ರಯೋಗದಿಂದ ಹಾನಿಯಾದ್ರೆ ಚಿಕಿತ್ಸೆ ನಿಮ್ಮದು ಅಂತ ಒಪ್ಪಿಗೆ ಪತ್ರದಲ್ಲಿಯೇ ಉಂಟು. ಅದು ನಿಮ್ಮ ದಾನ ಅಲ್ಲ. ಇವರ ತಪ್ಪನ್ನು ಇವರೇ ಬರೆದುಕೊಟ್ಟಿದ್ದಾರೆ. ನಿಮ್ಮದನ್ನು ನೀವು ಬರೀರಿ. ಇದಕ್ಕೆ ನಾನು ಸಹಿ ಹಾಕುವುದಿಲ್ಲ."