ಲಾಯದ ಮಾಡಿನ ಮೇಲೊಬ್ಬ

"ಇಳೀರಿ ಕೆಳಗೆ! ಯಾರನ್ನ ಕೇಳಿ ಹಂಚು ತೆಗೀತಿದೀರಾ?"

ಪೇಟೆಗೆ ಹಾಲು ಕೊಟ್ಟು ಬಂದವಳು ಅಂಗಳದಿಂದಲೇ ಕೂಗಿದಳು. ಪರದೇಶದವರ ಆಳ್ವಿಕೆಯ ಕಾಲದಲ್ಲಿ ಮುತ್ತಜ್ಜ ಕಟ್ಟಿಸಿದ ಬಂಗಲೆಯ ಹಿಂದೆ ಈಗ ಉಳಿದಿದ್ದು ಕಣಜ, ಹಾಲಿನ ಮನೆ, ಕುದುರೆ ಲಾಯ, ಅಷ್ಟೇ. ಆ ಲಾಯದ ಅರ್ಧ ಮಾಡು ಬೋಳಾಗಿತ್ತು!

"ನಿಮ್ಮ ಚಿಕ್ಕಪ್ಪನೇ ಕರೆಸಿದ್ದು..." ಎಂದ ಮೇಲಿದ್ದ ಬಡಗಿ.

ಚಿಕ್ಕಪ್ಪ! ಎಲ್ಲ ಮಾರೋಣ ಎಂದು ಜಪ ಮಾಡುತ್ತಿದ್ದವರು. ಅಪ್ಪ ಹೋದ ಮೇಲೆ ಹಸುಗಳು, ಸೋರುವ ಸೂರು, ಚಿಕ್ಕಪ್ಪನ ಗೊಣಗಾಟ ಎಲ್ಲವನ್ನೂ ಒಬ್ಬಳೇ ಎಳೆದು ಹೈರಾಣಾಗಿದ್ದಳು. ಸಿಟ್ಟಿನಲ್ಲಿ ಏಣಿಯನ್ನೇ ಎಳೆದು ಬೀಳಿಸಿದಳು.

"ಅಲ್ಲೇ ಕೂತಿರಿ!"

"ರೀ... ಏಣಿ ರೀ!"

ಸಂಜೆ ಬಂದ ಚಿಕ್ಕಪ್ಪ ಏಣಿ ಇಟ್ಟು ಬಡಗಿಯನ್ನು ಇಳಿಸಿ ತಲೆ ಚಚ್ಚಿಕೊಂಡರು.

"ಏನೇ ನಿನ್ನ ಅವತಾರ! ಮರದ ಗೋಡೆ ವಾಲಿದೆ. ಹಂಚಿನ ಭಾರ ಇಳಿಸದೆ ನೆಟ್ಟಗೆ ಮಾಡೋಕಾಗಲ್ಲ. ಕೊನೇ ಸಲ ನೋಡೋಣ ಅಂತ ಕರೆಸ್ದೆ. ಇದೂ ನಿಲ್ಲದಿದ್ರೆ ಮಾರೋದೇ."

ಅವಳಿಗೆ ಮುಖ ಎತ್ತಲಾಗಲಿಲ್ಲ. "ತಪ್ಪಾಯ್ತು..."

"ಬಿಡಿ. ಮೇಲಿಂದ ನಿಮ್ಮ ಸಿಟ್ಟು ಚೆನ್ನಾಗೇ ಕಾಣ್ತಿತ್ತು," ಎಂದು ಅವನು ನಕ್ಕ.

ಗೋಡೆಗೆ ಹಗ್ಗ ಬಿಗಿದು ದಿನಕ್ಕಿಷ್ಟಿಷ್ಟೇ ಎಳೆದ. ಹಸು ಕರೆದಾದ ಮೇಲೆ ಅವಳು ಬಂದು ಲಾಯದ ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಿದ್ದಳು. ಅವನು ಏನೂ ಕೇಳುತ್ತಿರಲಿಲ್ಲ. 'ಇಷ್ಟೇ ನನಗೆ ವಿಶ್ರಾಂತಿ...' ಎನಿಸುತ್ತಿತ್ತು.

ಗೋಡೆ ನೆಟ್ಟಗಾಯಿತು, ಮಾಡೂ ತುಂಬಿತು. ಒಂದು ದಿನ ಅವನು ಉಳಿ, ಸುತ್ತಿಗೆ ಚೀಲಕ್ಕೆ ತುಂಬತೊಡಗಿದ.

"ಲಾಯವೇನೋ ನಿಂತಿತು. ನನಗೇ ಆಗ್ತಿಲ್ಲ ರೀ," ಎಂದಳು. ಕಣ್ಣು ತುಂಬಿಬಂತು. "ಮಾರೋಣ ಅಂತ ಚಿಕ್ಕಪ್ಪಂಗೆ ಹೂಂ ಅಂದುಬಿಡ್ತೀನಿ. ಒಬ್ಬಳೇ ಯಾರಿಗೋಸ್ಕರ ಉಳಿಸ್ಕೊಳ್ಳಲಿ?"

ಅವನು ಚೀಲ ಕೆಳಗಿಟ್ಟ.

"ಒಂದು ಮಾತು ಹೇಳ್ಲಾ? ಕೆಲಸ ಹೋದ ವಾರವೇ ಮುಗಿದಿತ್ತು. ಆ ಮೂಲೇಲಿ ಹಾಕಿದ ಹಂಚನ್ನೇ ತೆಗೆದು ಮತ್ತೆ ಹಾಕ್ತಿದ್ದೆ. ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸೇ ಬರಲಿಲ್ಲ."

"ಗೊತ್ತು."

"ಗೊತ್ತಾ?!"

"ದಿನಾ ನೋಡ್ತಾ ಕೂತೋಳಿಗೆ ಗೊತ್ತಾಗಲ್ವಾ? ಆ ಮೂಲೆ ಇನ್ನೂ ಬಾಕಿ ಇದೆ ಅಂತ ಚಿಕ್ಕಪ್ಪಂಗೆ ಹೇಳಿದ್ದೇ ನಾನು..."

ಅವನು ಅವಳ ಪಕ್ಕ ಮೆಟ್ಟಿಲ ಮೇಲೆ ಕುಳಿತ. ದಣಿದ ತಲೆ ತಾನಾಗಿಯೇ ಅವನ ಭುಜಕ್ಕೊರಗಿತು. ಬಂಗಲೆಯ ಬಾಗಿಲಲ್ಲಿ ಚಿಕ್ಕಪ್ಪನ ಕೆಮ್ಮು ಕೇಳಿಸಿತು.

"ಬಂದ್ರು. ನನಗೆ ಮಾತಾಡೋಕೂ ತ್ರಾಣ ಇಲ್ಲ. ಇವತ್ತೊಂದು ದಿನ ನೀವು ಮಾತಾಡಿ."

"ಏನಂತ ಹೇಳ್ಲಿ? ಅವಳು ಮಾರಲ್ವಂತೆ ಅಂತಾನಾ?"

"ಊಹೂಂ..." ಕಣ್ಣು ಮುಚ್ಚಿಯೇ ಹೇಳಿದಳು. "ನಾವು ಮಾರಲ್ಲ ಅಂತ ಹೇಳಿ."