ಮರಳು ಚೀಲದ ಕೈ

ಬೆಳಿಗ್ಗೆ ಒಂಬತ್ತೂವರೆಗೆ ಗಾಜಿನಂಗಡಿ ಕೆಲಸಗಾರನ ಹೆಂಡತಿ ಠಾಣೆಗೆ ಬಂದು ದೂರು ಕೊಟ್ಟಳು. ಆಳೆತ್ತರದ ಕನ್ನಡಿ ಹೊತ್ತು ರಸ್ತೆ ದಾಟುತ್ತಿದ್ದ ಗಂಡನಿಗೆ ತಾನೇ ಓಡುವ ಕಾರು ಗುದ್ದಿತ್ತು.

ಎಫ್‌ಐಆರ್ ಬರೆಯುತ್ತಿದ್ದ ರೈಟರ್ ಪೆನ್ನು ನಿಲ್ಲಿಸಿದ. “ಆರೋಪಿ ಅಂತ ಯಾರನ್ನ ಬರೀಲಿ ಸಾರ್? ಕಾರನ್ನಾ? ಬೇಡಿ ಯಾವ ಚಕ್ರಕ್ಕೆ ಹಾಕೋದು?”

ಇನ್‌ಸ್ಪೆಕ್ಟರ್ ನಗಲಿಲ್ಲ. ಕಣ್ಣು ಕಾಣದ ಅವರ ತಾಯಿ ಯಾರ ಹಂಗೂ ಇಲ್ಲದೆ ಆಸ್ಪತ್ರೆಗೆ ಹೋಗಿಬರುತ್ತಿದ್ದುದು ಇಂಥದೇ ಕಾರಿನಲ್ಲಿ. ತಪ್ಪು ಕಾರಿನದಾಗದಿರಲಿ ಎಂದು ಅವರ ಮನಸ್ಸು ಬೇಡಿಕೊಳ್ಳುತ್ತಿತ್ತು. ಅಲ್ಲೊಬ್ಬ ಆಪರೇಷನ್ ಟೇಬಲ್ ಮೇಲೆ ಮಲಗಿರುವಾಗ ಹಾಗೆ ಬೇಡಿಕೊಂಡದ್ದಕ್ಕೆ ಅವರಿಗೇ ನಾಚಿಕೆಯಾಯಿತು.

ಸ್ಥಳ ಪಂಚನಾಮೆಗೆ ಕಾರು ಕಂಪನಿಯ ಎಂಜಿನಿಯರ್ ಬಂದು ನಡೆದದ್ದನ್ನು ವಿವರಿಸಿದ. ಕನ್ನಡಿಯಲ್ಲಿ ಕಂಡ ಖಾಲಿ ರಸ್ತೆಯನ್ನೇ ಕಾರು ನಿಜವೆಂದು ನಂಬಿತ್ತು. ಹತ್ತಿರ ಬಂದ ಮೇಲೆ ಅನುಮಾನ ಹುಟ್ಟಿ, ಗಂಟೆ ಬಾರಿಸಿ, ಇಂಥ ಹೊತ್ತಿಗೆಂದೇ ಕಂಪನಿ ಕಾವಲಿಗೆ ಕೂರಿಸಿದ್ದ ಚಾಲಕನಿಗೆ ಸ್ಟೀರಿಂಗ್ ಒಪ್ಪಿಸಿತ್ತು.

“ಅವನ ಕೈ ಸ್ಟೀರಿಂಗ್ ಮೇಲೇ ಇತ್ತು ಸಾರ್. ಕಾರಿಗೆ ಭಾರ ಗೊತ್ತಾಗತ್ತೆ.”

“ಸ್ಟೀರಿಂಗ್ ಎಷ್ಟು ತಿರುಗ್ತು?”

“ಒಂಚೂರೂ ಇಲ್ಲ.”

“ಕೈ ಇದ್ದಿದ್ರೆ ಗಾಬರಿಗಾದ್ರೂ ಅಲುಗಬೇಕಿತ್ತಲ್ವಾ?”

ಎಂಜಿನಿಯರ್ ಕಾರಿನ ಬಾಗಿಲು ತೆರೆದುಕೊಟ್ಟ.

ಮಹಿಳಾ ಕಾನ್‌ಸ್ಟೆಬಲ್ ಕಾರನ್ನು ಜಾಲಾಡಿದಳು. ಮುಂದಿನ ಸೀಟಿನಡಿ ಕುಣಿಕೆ ಹಾಕಿದ ಮರಳು ಚೀಲ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಒಂದು ಪುಟ್ಟ ಹೇರ್‌ಕ್ಲಿಪ್ ಬಿದ್ದಿತ್ತು.

ಠಾಣೆಗೆ ಕರೆತಂದ ಚಾಲಕ ಮೊದಲು ಟ್ಯಾಕ್ಸಿ ಓಡಿಸುತ್ತಿದ್ದವನು. ಇಷ್ಟು ವರ್ಷದಲ್ಲಿ ಒಂದು ಗೀರೂ ಮಾಡಿದವನಲ್ಲ.

“ಕಾರಲ್ಲಿ ಯಾರಿದ್ರು?”

“ನಾನೊಬ್ಬನೇ ಸಾರ್.”

ಇನ್‌ಸ್ಪೆಕ್ಟರ್ ಕ್ಲಿಪ್ಪನ್ನು ಮೇಜಿನ ಮೇಲಿಟ್ಟರು. “ಹಾಗಾದ್ರೆ ಇದು ನಿಂದಾ?”

ಅವನ ಬೊಕ್ಕ ತಲೆ ತಗ್ಗಿತು.

“ಮಗಳದು. ಸ್ಕೂಲಿಗೆ ಬಿಡೋಕೆ ಹೊರಟಿದ್ದೆ. ಟ್ಯಾಕ್ಸಿ ಓಡಿಸುವಾಗ ಹಿಂದಿಂದ ಅವಳು ಏನೇ ಹೇಳಿದ್ರೂ ಮುಂದೆ ನೋಡ್ಕೊಂಡೇ ಹೂಂ ಅಂತಿದ್ದೆ. ಈ ಕಾರು ನನಗಿಂತ ಚೆನ್ನಾಗಿ ಓಡತ್ತೆ ಅನ್ನಿಸ್ತು. ಕೈ ಅಂತ ಕಾರು ನಂಬಲಿ ಅಂತ ಸ್ಟೀರಿಂಗ್‌ಗೆ ಚೀಲ ನೇತುಹಾಕಿದೆ. ‘ಅಪ್ಪಾ, ಹಲ್ಲು ಬಿತ್ತು ನೋಡು’ ಅಂದ್ಲು. ಪೂರ್ತಿ ತಿರುಗಿ ನೋಡಿದೆ. ಗಂಟೆ ಹೊಡೀತು... ಕಾಯೋಕೆ ಅಂತ್ಲೇ ನನ್ನ ಕೂರಿಸಿದ್ರು ಸಾರ್. ಬೇಲೀನೇ ಎದ್ದು ಹೊಲ ಮೇಯ್ತು.”

ತಲೆಯೆತ್ತಿ ಕೇಳಿದ. “ಅವರಿಗೆ ಹೇಗಿದೆ?”

“ಜೀವ ಉಳೀತು. ಬಲಗಾಲು ತೆಗೆದ್ರು.”

ಅವನು ಮುಖ ಮುಚ್ಚಿಕೊಂಡು ಅತ್ತ. “ನೀವು ಬರೋಕೆ ಮುಂಚೆ ಮಗಳನ್ನ ನನ್ನ ತಂಗಿ ಜೊತೆ ಮನೆಗೆ ಕಳಿಸಿಬಿಟ್ಟೆ. ಹೋಗುವಾಗ ಕೇಳಿದ್ಲು, ‘ನಾನು ಕರೆದಿದ್ದಕ್ಕೇನಾಪ್ಪಾ ಹೀಗಾಗಿದ್ದು?’ ಅಂತ. ನಾನು ಬಾಯೇ ಬಿಡಲಿಲ್ಲ.”

ತಪ್ಪಿನಲ್ಲಿ ಕಾರಿಗೂ ಪಾಲಿತ್ತು. ಇನ್‌ಸ್ಪೆಕ್ಟರ್ ಅದನ್ನೂ ಬಿಡದೆ ಬರೆಸಿದರು. ಮಧ್ಯಾಹ್ನ ಎರಡಕ್ಕೆ ಬಂಧನದ ಕಾಗದಕ್ಕೆ ಸಹಿ ಹಾಕಿಸುವ ಮುನ್ನ ತಮ್ಮ ಫೋನನ್ನು ಅವನ ಮುಂದೆ ಸರಿಸಿದರು.

ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಪುಟ್ಟೀ, ನೀನು ಕರೆದಿದ್ದು ತಪ್ಪಲ್ಲ. ತಿರುಗಿದ್ದು ನಾನು.”